ಅಳಿಯದ ರಾಸಾಯನಿಕ, ಕಬ್ಬಿಣದ ಕಾವಲಿ ಮತ್ತು ರಕ್ತದಾನ: ಮುಂಬೈ ಸುತ್ತಿನ ಕನ್ನಡಿಗರ ಮನೆಗಳಿಗೊಂದು ಕೈಪಿಡಿ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ರಕ್ತದಾನ ಶಿಬಿರದಲ್ಲಿ ಹಲವು ವರ್ಷಗಳಿಂದ ನಾನು ಕೂರುವುದು ಹಿಮೋಗ್ಲೋಬಿನ್ ಪರೀಕ್ಷೆಯ ಮೇಜಿನ ಪಕ್ಕದಲ್ಲಿ. ಗಾಜಿನ ಪಾತ್ರೆಯಲ್ಲಿ ಮೈಲುತುತ್ತದ ನೀಲಿ ದ್ರಾವಣವಿರುತ್ತದೆ. ದಾನಿಯ ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಅದರೊಳಗೆ ಬಿಡುತ್ತಾರೆ. ಹನಿ ಹದಿನೈದು ಸೆಕೆಂಡಿನೊಳಗೆ ತಳ ಸೇರಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ತಿಳಿದು ದಾನಿಯನ್ನು ಮಂಚಕ್ಕೆ ಕಳಿಸುತ್ತಾರೆ. ಹನಿ ನಡುವೆಯೇ ತೇಲಿ ನಿಂತರೆ ಹಣ್ಣಿನ ರಸ ಕೊಟ್ಟು ಮನೆಗೆ ಕಳಿಸುತ್ತಾರೆ.

ಕಳೆದ ಶಿಬಿರದಲ್ಲಿ ಒಂದೇ ಬೆಳಗ್ಗೆ ಇಬ್ಬರು ನನ್ನ ಮುಂದೆ ನಿಂತು ಕೇಳಿದ ಮಾತುಗಳು ಈ ಬರಹಕ್ಕೆ ಕಾರಣ. ಐರೋಳಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗ, "ಅಂಕಲ್, ರಕ್ತ ಕೊಟ್ಟರೆ ಮೈಯಲ್ಲಿರೋ ಫಾರೆವರ್ ಕೆಮಿಕಲ್ಸ್ ಹೋಗತ್ತಂತೆ, ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕಾ?" ಎಂದು ಕೇಳಿದ. ಅವನ ಹಿಂದೆ ಇದ್ದವರು ಕಾರ್ಕಳದ ಕಡೆಯ ಗೃಹಿಣಿ, ನಲವತ್ತರ ಆಸುಪಾಸಿನವರು. ಅವರ ಹನಿ ತೇಲಿತು. "ಹೋದ ವರ್ಷವೂ ಹೀಗೇ ವಾಪಸ್ ಕಳಿಸಿದ್ರಿ ಅಣ್ಣ" ಎಂದು ಅವರು ಬೇಸರದಿಂದ ಹೇಳಿದರು. ಮನೆಗೆ ಬಂದು ಯೋಚಿಸಿದಾಗ ಇಬ್ಬರಿಗೂ ಹೇಳಬೇಕಾದ ಮಾತಿನ ಒಂದು ದೊಡ್ಡ ಭಾಗ ಅಡುಗೆಮನೆಯ ಒಂದೇ ಪಾತ್ರೆಯ ಸುತ್ತ ಇದೆ ಎಂದು ನನಗೆ ಅನ್ನಿಸಿತು.

ಮೊದಲು ಹುಡುಗನ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ರಕ್ತ ಕೊಟ್ಟರೆ ಫಾರೆವರ್ ಕೆಮಿಕಲ್ಸ್ ಎನ್ನುವ ಈ ಅಳಿಯದ ರಾಸಾಯನಿಕಗಳು ಸ್ವಲ್ಪ ಕಡಿಮೆಯಾಗುವುದು ನಿಜ, ಅದನ್ನು ವಿಜ್ಞಾನಿಗಳು ಅಳೆದೂ ತೋರಿಸಿದ್ದಾರೆ. ಆದರೆ ಬಾಯಿಯ ಮೂಲಕ ಒಳಗೆ ಹೋಗುವುದನ್ನು ನಿಲ್ಲಿಸದೆ ಸೂಜಿಯ ಮೂಲಕ ಹೊರಗೆ ತೆಗೆಯಲು ಹೊರಟರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ರಕ್ತದಾನವನ್ನು ರೋಗಿಗಾಗಿ ಮಾಡಬೇಕು, ರಾಸಾಯನಿಕವನ್ನು ಅದು ಬರುವ ದಾರಿಯಲ್ಲೇ ತಡೆಯಬೇಕು. ಇವೆರಡನ್ನೂ ಮಾಡುವುದು ಹೇಗೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಇವು ಯಾವುವು, ರಕ್ತದಲ್ಲಿ ಹೇಗೆ ಉಳಿಯುತ್ತವೆ

ಪಿಎಫ್ಎಎಸ್ ಎಂದು ಕರೆಯುವ ಈ ಗುಂಪಿನಲ್ಲಿ ಸಾವಿರಾರು ರಾಸಾಯನಿಕಗಳಿವೆ. ಎಲ್ಲದರಲ್ಲೂ ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು, ನಮ್ಮ ಯಕೃತ್ತು ಯಾವುದೂ ಆ ಬೆಸುಗೆಯನ್ನು ಸುಲಭವಾಗಿ ಬಿಡಿಸಲಾರದು. ನೀರು, ಎಣ್ಣೆ ಎರಡನ್ನೂ ಅಂಟಿಸಿಕೊಳ್ಳದ ಗುಣ ಇರುವುದರಿಂದ ಅಂಟದ ಬಾಣಲೆ, ಜಿಡ್ಡು ಹೀರದ ಕಾಗದ, ಕಲೆಯಾಗದ ಬಟ್ಟೆ, ಬೆಂಕಿ ನಂದಿಸುವ ನೊರೆ ಮುಂತಾದ ಹತ್ತಾರು ವಸ್ತುಗಳಲ್ಲಿ ಇವನ್ನು ಬಳಸಿದರು. ಇವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಪಿಎಫ್ಒಎ ಮತ್ತು ಪಿಎಫ್ಒಎಸ್ ಎಂಬ ಎರಡರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರಲ್ಲಿ ಪಿಎಫ್ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಗೆ ಸೇರಿಸಿತು, ಪಿಎಫ್ಒಎಸ್ ಅನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ದರ್ಜೆಯಲ್ಲಿ ಇಟ್ಟಿತು. ಕೊಲೆಸ್ಟರಾಲ್ ಏರುವುದು, ಲಸಿಕೆಗೆ ದೇಹ ಕೊಡುವ ಪ್ರತಿಕ್ರಿಯೆ ಕುಗ್ಗುವುದು, ಹುಟ್ಟುವ ಮಗುವಿನ ತೂಕ ತಗ್ಗುವುದು, ಮೂತ್ರಪಿಂಡದ ಕ್ಯಾನ್ಸರಿನ ಅಪಾಯ ಹೆಚ್ಚುವುದು, ಇವುಗಳೊಂದಿಗೆ ಪಿಎಫ್ಎಎಸ್‌ಗೆ ಇರುವ ನಂಟನ್ನು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರ ವರದಿಯಲ್ಲಿ ಗುರುತಿಸಿವೆ.

ಬೇರೆ ಅನೇಕ ವಿಷಗಳು ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಇವು ಹಾಗಲ್ಲ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸುತ್ತುತ್ತಲೇ ಇರುತ್ತವೆ. ಮೂತ್ರಪಿಂಡಕ್ಕೆ ಹೋದರೆ ಅಲ್ಲಿಂದ ಮತ್ತೆ ರಕ್ತಕ್ಕೆ ಹೀರಲ್ಪಡುತ್ತವೆ, ಪಿತ್ತರಸದ ಜೊತೆ ಕರುಳಿಗೆ ಇಳಿದರೂ ಅಲ್ಲಿಂದ ಹಿಂತಿರುಗುತ್ತವೆ. ಹೀಗಾಗಿ ಪಿಎಫ್ಒಎ ಪ್ರಮಾಣ ಅರ್ಧಕ್ಕಿಳಿಯಲು ಎರಡು ಮೂರು ವರ್ಷ ಬೇಕು, ಪಿಎಫ್ಒಎಸ್‌ಗೆ ಮೂರರಿಂದ ಐದು ವರ್ಷ ಬೇಕು, ಅದೂ ಹೊಸದಾಗಿ ಏನೂ ಒಳಗೆ ಹೋಗದಿದ್ದರೆ. ಮುಟ್ಟಾಗುವ ಹೆಂಗಸರಲ್ಲಿ ಇದರ ಮಟ್ಟ ಗಂಡಸರಿಗಿಂತ ಸಾಮಾನ್ಯವಾಗಿ ಕಡಿಮೆ ಇರುವುದಕ್ಕೆ ಪ್ರತಿ ತಿಂಗಳು ಹೊರಹೋಗುವ ರಕ್ತವೂ ಒಂದು ಕಾರಣ.

ಮನುಷ್ಯರ ಮೈಯಲ್ಲಿ ಈ ರಾಸಾಯನಿಕ ಇದೆ ಎಂಬ ಸುಳಿವು ಸಿಕ್ಕಿದ್ದೂ ರಕ್ತದಾನಿಗಳಿಂದಲೇ. ಅಮೆರಿಕದ ಡೊನಾಲ್ಡ್ ಟೇವ್ಸ್ ಎಂಬ ವಿಜ್ಞಾನಿ 1968ರಲ್ಲಿ ರಕ್ತದಲ್ಲಿ ಮಾಮೂಲಿ ಫ್ಲೋರೈಡಿನ ಜೊತೆ ಇನ್ನೊಂದು ಬಗೆಯ ಫ್ಲೋರಿನ್ ಇರುವುದನ್ನು ಕಂಡರು. ಮುಂದೆ 1976ರಲ್ಲಿ ಅವರೂ ಅವರ ಸಂಗಡಿಗರೂ ಐದು ನಗರಗಳ ರಕ್ತ ಬ್ಯಾಂಕುಗಳ ಪ್ಲಾಸ್ಮಾ ಪರೀಕ್ಷಿಸಿ, ಅದು ಕಾರ್ಖಾನೆಯಲ್ಲಿ ತಯಾರಾಗುವ ಪಿಎಫ್ಒಎಯನ್ನು ಹೋಲುತ್ತದೆ ಎಂದು ಬರೆದರು. ಯಾರದೋ ಪ್ರಾಣ ಉಳಿಸಲೆಂದು ಕೊಟ್ಟ ರಕ್ತವು ಇಡೀ ಲೋಕಕ್ಕೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು ಎಂಬುದನ್ನು ನೆನೆದಾಗ ನನಗೆ ದಾನಿಗಳ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ.

ದಾನದಿಂದ ಎಷ್ಟು ಇಳಿಯುತ್ತದೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 285 ಅಗ್ನಿಶಾಮಕ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನೊರೆಯ ಜೊತೆ ಕೆಲಸ ಮಾಡಿದ್ದರಿಂದ ಅವರ ರಕ್ತದಲ್ಲಿ ಪಿಎಫ್ಒಎಸ್ ಮಟ್ಟ ಮಿಲಿಲೀಟರಿಗೆ ಕನಿಷ್ಠ 5 ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗವೇ ಒಂದು ನ್ಯಾನೋಗ್ರಾಂ) ಇತ್ತು. ಚೀಟಿ ಎತ್ತಿದಂತೆ ಅವರನ್ನು ಮೂರು ಗುಂಪು ಮಾಡಿ, ಒಂದು ಗುಂಪಿನವರು ಆರು ವಾರಕ್ಕೊಮ್ಮೆ ಪ್ಲಾಸ್ಮಾ, ಇನ್ನೊಂದು ಗುಂಪಿನವರು ಹನ್ನೆರಡು ವಾರಕ್ಕೊಮ್ಮೆ ರಕ್ತ ಕೊಡುವಂತೆ, ಮೂರನೆಯವರು ಏನೂ ಕೊಡದೆ ಇರುವಂತೆ ಏರ್ಪಡಿಸಿದರು. ಒಂದು ವರ್ಷದ ಕೊನೆಗೆ ಪ್ಲಾಸ್ಮಾ ಕೊಟ್ಟವರಲ್ಲಿ ಪಿಎಫ್ಒಎಸ್ ಸರಾಸರಿ 2.9 ನ್ಯಾನೋಗ್ರಾಂ ಇಳಿದಿತ್ತು, ರಕ್ತ ಕೊಟ್ಟವರಲ್ಲಿ 1.1 ಇಳಿದಿತ್ತು, ಸುಮ್ಮನಿದ್ದವರಲ್ಲಿ ಬದಲಾವಣೆ ಕಾಣಲಿಲ್ಲ. ಪ್ಲಾಸ್ಮಾ ದಾನದಲ್ಲಿ ಕೆಂಪು ರಕ್ತಕಣಗಳನ್ನು ಯಂತ್ರ ವಾಪಸು ಕೊಡುತ್ತದೆ, ರಾಸಾಯನಿಕ ಅಂಟಿಕೊಂಡಿರುವ ದ್ರವಭಾಗವೇ 800 ಮಿಲಿಲೀಟರ್ ತನಕ ಹೊರಹೋಗುತ್ತದೆ, ಅದೂ ಬೇಗ ಬೇಗ ಕೊಡಬಹುದು; ಆದ್ದರಿಂದಲೇ ಅದರ ಪರಿಣಾಮ ಹೆಚ್ಚು. ಆದರೆ ಈ ಅಧ್ಯಯನ ಅಳೆದದ್ದು ರಾಸಾಯನಿಕದ ಮಟ್ಟವನ್ನು ಮಾತ್ರ; ಮಟ್ಟ ಇಳಿದದ್ದರಿಂದ ರೋಗ ಕಡಿಮೆಯಾಯಿತೇ ಎಂಬುದನ್ನು ಅದು ನೋಡಿಲ್ಲ.

ನಮ್ಮ ಶಿಬಿರಗಳಲ್ಲಿ ತೆಗೆಯುವುದು 350 ಅಥವಾ 450 ಮಿಲಿಲೀಟರ್ ಪೂರ್ಣ ರಕ್ತ. ಆಸ್ಟ್ರೇಲಿಯಾದಂತೆ ಆರು ವಾರಕ್ಕೊಮ್ಮೆ ಪ್ಲಾಸ್ಮಾ ಕೊಟ್ಟು ಬರುವ ರೂಢಿ ಇಲ್ಲಿನ ಸಾಮಾನ್ಯ ದಾನಿಗಳಲ್ಲಿ ಇಲ್ಲ. 450 ಮಿಲಿಲೀಟರ್ ರಕ್ತದಲ್ಲಿ ಪ್ಲಾಸ್ಮಾ ಸುಮಾರು 250 ಮಿಲಿಲೀಟರ್. ಯಕೃತ್ತು ಮುಂತಾದ ಅಂಗಗಳಲ್ಲಿ ಅಡಗಿರುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ 70 ಕಿಲೋ ತೂಕದ ಮನುಷ್ಯನ ಮೈಯಲ್ಲಿರುವ ಒಟ್ಟು ಪಿಎಫ್ಒಎಸ್, ಸುಮಾರು 14 ಲೀಟರ್ ಪ್ಲಾಸ್ಮಾದಲ್ಲಿ ಇರುವಷ್ಟಕ್ಕೆ ಸಮ. ಅಂದರೆ ಒಂದು ಸಲದ ದಾನದಲ್ಲಿ ಹೊರಹೋಗುವುದು ನೂರಕ್ಕೆ ಎರಡಕ್ಕಿಂತ ಕಡಿಮೆ, ವರ್ಷಕ್ಕೆ ನಾಲ್ಕು ಸಲ ಕೊಟ್ಟರೆ ಏಳರ ಆಸುಪಾಸು.

ಈಗ ಇನ್ನೊಂದು ಲೆಕ್ಕ ನೋಡಿ. ಅಮೆರಿಕದ ರೆಡ್ ಕ್ರಾಸ್ ರಕ್ತದಾನಿಗಳಲ್ಲಿ 2000ದಲ್ಲಿ ಪಿಎಫ್ಒಎಸ್ ಸರಾಸರಿ ಮಿಲಿಲೀಟರಿಗೆ ಸುಮಾರು 35 ನ್ಯಾನೋಗ್ರಾಂ ಇತ್ತು. 2015ರ ವೇಳೆಗೆ ಅದು 4.3ಕ್ಕೆ ಇಳಿದಿತ್ತು. ನಡುವೆ ಆದದ್ದು ಏನೆಂದರೆ, ಅದನ್ನು ತಯಾರಿಸುತ್ತಿದ್ದ ಮುಖ್ಯ ಕಂಪನಿಯಾದ 3ಎಂ 2000ದ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, 2002ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿತು. ಮೂಲ ನಿಂತಿತು, ರಕ್ತ ತಾನಾಗಿಯೇ ತಿಳಿಯಾಯಿತು. ಮನೆಯಲ್ಲಿ ನಾವು ಮಾಡಬೇಕಾದುದೂ ಇದನ್ನೇ.

ಕಾವಲಿಯಿಂದ ಆರಂಭಿಸಿ

ಅಂಟದ ಬಾಣಲೆಯ ಮೇಲಿನ ಲೇಪನ ಪಿಟಿಎಫ್ಇ, ಟೆಫ್ಲಾನ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತ. 1938ರಲ್ಲಿ ರಾಯ್ ಪ್ಲಂಕೆಟ್ ಇದನ್ನು ಆಕಸ್ಮಿಕವಾಗಿ ಕಂಡುಹಿಡಿದರು. ಗಟ್ಟಿಯಾದ ಆ ಲೇಪನದ ಚೂರು ಹೊಟ್ಟೆಗೆ ಹೋದರೆ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ಅದಕ್ಕಾಗಿ ಗಾಬರಿ ಬೇಡ. ತೊಂದರೆ ಇರುವುದು ಅದನ್ನು ತಯಾರಿಸುವಾಗ ಬಳಸುವ ರಾಸಾಯನಿಕಗಳಲ್ಲಿ, ಅವು ನದಿ ಸೇರುವುದರಲ್ಲಿ, ಮತ್ತು ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆಯಲ್ಲಿ. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಕೆಡಲು ಆರಂಭಿಸುತ್ತದೆ. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿಟ್ಟರೆ ಆ ಬಿಸಿ ಕೆಲವೇ ನಿಮಿಷದಲ್ಲಿ ಬರುತ್ತದೆ. ಇಂಥ ಹೊಗೆಗೆ ಪಂಜರದ ಗಿಳಿಗಳು ಸತ್ತಿರುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ದೋಸೆಗೆ ಕಾವಲಿಯನ್ನು ಮೊದಲೇ ಚೆನ್ನಾಗಿ ಕಾಯಿಸುವುದು ನಮ್ಮ ಅಭ್ಯಾಸವಾದ್ದರಿಂದ, ದೋಸೆ ಪ್ರಿಯರಾದ ನಮಗೆ ಈ ಎಚ್ಚರ ಉಳಿದವರಿಗಿಂತ ಒಂದು ತೂಕ ಹೆಚ್ಚೇ ಬೇಕು. "ಪಿಎಫ್ಒಎ ಇಲ್ಲ" ಎಂಬ ಚೀಟಿ ನೋಡಿ ಸಮಾಧಾನ ಪಡಬೇಡಿ; ಆ ಒಂದು ರಾಸಾಯನಿಕ ಇಲ್ಲದಿದ್ದರೂ ಅದೇ ಗುಂಪಿನ ಬೇರೆಯದು ಇರಬಹುದು, ಲೇಪನವೇ ಆ ಗುಂಪಿಗೆ ಸೇರಿದ್ದು.

ಬದಲಿಗೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ ತನ್ನಿ. ಮುಂಬೈ, ಪುಣೆಯ ಅಂಗಡಿಗಳಲ್ಲಿ "ಬಿಡಾಚಾ ತವಾ" ಎಂದು ಕೇಳಿದರೆ ಕೊಡುತ್ತಾರೆ. ಪುಣೆಯವರು ತುಳಶಿಬಾಗಿನಲ್ಲಿ ನೋಡಬಹುದು, ಗೋವೆಯಲ್ಲಿರುವವರು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ವಿಚಾರಿಸಬಹುದು. ಕೈಗೆ ಎತ್ತಿದಾಗ ಭಾರ ಎನ್ನಿಸಬೇಕು, ಮೇಲ್ಮೈ ತೀರಾ ಉಬ್ಬುತಗ್ಗಾಗಿರಬಾರದು.

ಹೊಸ ಕಾವಲಿಯನ್ನು ಪಳಗಿಸುವುದರಲ್ಲಿ ಸೋತು ಮತ್ತೆ ಅಂಟದ ಬಾಣಲೆಗೆ ಮರಳಿದವರನ್ನು ನಾನು ತುಂಬ ನೋಡಿದ್ದೇನೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಮೊದಲ ದಿನ ಸಾಬೂನು ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಅಂಗಡಿಯವರು ಸವರಿದ ಎಣ್ಣೆ, ಕರಿಯನ್ನೆಲ್ಲ ತೆಗೆಯಿರಿ. ಆಮೇಲೆ ಅನ್ನದ ಗಂಜಿ ಅಥವಾ ಅಕ್ಕಿ ತೊಳೆದ ನೀರನ್ನು ತುಂಬಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಚೆಲ್ಲಿ ತೊಳೆದು ಮತ್ತೆ ತುಂಬಿಸಿ. ಎರಡು ಮೂರು ದಿನದಲ್ಲಿ ತೊಳೆದ ನೀರು ತಿಳಿಯಾಗಿ ಬರುತ್ತದೆ. ಆಗ ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯಲ್ಲಿ ತೇವ ಪೂರ್ತಿ ಆರುವ ತನಕ ಕಾಯಿಸಿ, ಎಣ್ಣೆಯನ್ನು ತೆಳ್ಳಗೆ ಸವರಿ, ಹೊಗೆ ಸಣ್ಣಗೆ ಕಾಣುತ್ತಲೇ ಒಲೆ ಆರಿಸಿ ತಣಿಯಲು ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಬೇಕು. ಎಣ್ಣೆ ಹೆಚ್ಚಾದರೆ ಜಿಗುಟಾಗಿ ಕೂರುತ್ತದೆ. ಸವರಿದ ಮೇಲೆ ಒಣ ಬಟ್ಟೆಯಿಂದ ಒರೆಸಿದಾಗ ಹೊಳಪು ಮಾತ್ರ ಉಳಿಯಬೇಕು. ಮೊದಲ ವಾರ ದೋಸೆ ಹೊಯ್ಯಬೇಡಿ, ಈರುಳ್ಳಿ ಹುರಿಯಿರಿ, ಚಪಾತಿ ಬೇಯಿಸಿ. ಆಮೇಲೆ ದೋಸೆ ಹೊಯ್ಯುವ ಮುನ್ನ ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಗದ್ದಿ ಕಾವಲಿಗೆ ಉಜ್ಜಿ. ಮೊದಲ ಎರಡು ದೋಸೆ ಹರಿದರೂ ಮೂರನೆಯದು ಏಳುತ್ತದೆ. ನೀರುದೋಸೆ ಮಾತ್ರ ತಿಂಗಳು ಹಿಡಿಯಬಹುದು, ತಾಳ್ಮೆ ಇರಲಿ. ದಿನವೂ ಸಾಬೂನು ಬೇಡ, ಬಿಸಿನೀರು ಸಾಕು. ತೊಳೆದ ತಕ್ಷಣ ಒಲೆಯ ಮೇಲಿಟ್ಟು ಆರಿಸಿ. ಮುಂಬೈಯ ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೂ ತುಕ್ಕು ಕಾಣುತ್ತದೆ.

ಕಾರ್ಕಳದ ಅಕ್ಕನಿಗೆ ನಾನು ಹೇಳಬೇಕಾದ ಮಾತು ಇಲ್ಲೇ ಇದೆ. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಕಬ್ಬಿಣದ ಅಂಶ ಸೇರುತ್ತದೆ, ಹುಳಿ ಇರುವ ಪದಾರ್ಥಕ್ಕೆ ಇನ್ನೂ ಹೆಚ್ಚು. ಮದುವೆಯಾಗಿ ಬಂದಾಗಿನಿಂದ ಅಂಟದ ಬಾಣಲೆಯಲ್ಲೇ ಎಲ್ಲವನ್ನೂ ಮಾಡುತ್ತಿದ್ದ ಅವರ ಮನೆಗೆ ಒಂದು ಕಾವಲಿ, ಪಲ್ಯಕ್ಕೊಂದು ಕಬ್ಬಿಣದ ಬಾಣಲೆ ಬಂದರೆ ಒಂದು ಕಡೆ ರಾಸಾಯನಿಕದ ಮೂಲ ತಗ್ಗುತ್ತದೆ, ಇನ್ನೊಂದು ಕಡೆ ರಕ್ತಕ್ಕೆ ಬೇಕಾದ ಕಬ್ಬಿಣ ಸ್ವಲ್ಪ ಸಿಗುತ್ತದೆ. ಅದೊಂದರಿಂದಲೇ ರಕ್ತಹೀನತೆ ಗುಣವಾಗುವುದಿಲ್ಲ; ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕಾಣಲೇಬೇಕು, ಅವರು ಕೊಟ್ಟ ಮಾತ್ರೆ ತೆಗೆದುಕೊಳ್ಳಲೇಬೇಕು. ಸಾರು, ಹುಳಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೂ ಅದರಲ್ಲೇ ಬಿಟ್ಟಿಡಬೇಡಿ, ಕಪ್ಪಾಗಿ ರುಚಿ ಕೆಡುತ್ತದೆ.

ಇರುವ ಅಂಟದ ಬಾಣಲೆಯನ್ನು ತಕ್ಷಣ ಬಿಸಾಡಲು ಆಗದವರು ಸಣ್ಣ ಉರಿಯಲ್ಲಿ, ಎಣ್ಣೆಯನ್ನೋ ಹಿಟ್ಟನ್ನೋ ಹಾಕಿದ ಮೇಲೆಯೇ ಕಾಯಿಸಿ, ಮರದ ಸಟ್ಟುಗ ಬಳಸಿ, ಕಿಟಕಿ ತೆರೆದಿಡಿ. ಲೇಪನ ಏಳಲು ಆರಂಭಿಸಿದರೆ ಅದರ ಕಾಲ ಮುಗಿಯಿತೆಂದು ತಿಳಿಯಿರಿ. ಉಳಿದ ಅಡುಗೆಗೆ ಸ್ಟೀಲ್ ಒಳ್ಳೆಯದು.

ನೀರು

ಕುದಿಸಿದರೆ ಪಿಎಫ್ಎಎಸ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಅದರ ಸಾಂದ್ರತೆ ಒಂದಿಷ್ಟು ಏರುತ್ತದೆ. ಯುವಿ ದೀಪವಾಗಲಿ, ನಲ್ಲಿಗೆ ಕಟ್ಟುವ ಬಟ್ಟೆಯಾಗಲಿ ಇದನ್ನು ತಡೆಯಲಾರವು. ತಡೆಯುವುದು ಎರಡು: ಆರ್‌ಒ ಪೊರೆ ಮತ್ತು ಸಕ್ರಿಯ ಇದ್ದಿಲು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನೆಗಳ ಆರ್‌ಒ ಯಂತ್ರಗಳು ನೂರಕ್ಕೆ 94ರಷ್ಟನ್ನು ಅಥವಾ ಅದಕ್ಕಿಂತ ಹೆಚ್ಚನ್ನು ತೆಗೆದಿದ್ದವು. ಇದ್ದಿಲಿನ ಫಿಲ್ಟರುಗಳು ಸರಾಸರಿ 73ರಷ್ಟನ್ನು ತೆಗೆದರೂ ಒಂದೊಂದರದ್ದು ಒಂದೊಂದು ಬಗೆ ಇತ್ತು. ಅವಧಿ ಮೀರಿದ ಇದ್ದಿಲು ಹಿಡಿದಿಟ್ಟುದನ್ನೇ ಮತ್ತೆ ನೀರಿಗೆ ಬಿಡಬಹುದು. ಅಮೆರಿಕ ಸರ್ಕಾರ 2024ರಲ್ಲಿ ಕುಡಿಯುವ ನೀರಿನಲ್ಲಿ ಪಿಎಫ್ಒಎ, ಪಿಎಫ್ಒಎಸ್‌ಗೆ ತಲಾ ಲೀಟರಿಗೆ 4 ನ್ಯಾನೋಗ್ರಾಂ ಎಂಬ ಮಿತಿ ಹಾಕಿತು. ಎಷ್ಟು ಅಲ್ಪ ಪ್ರಮಾಣವನ್ನೂ ಗಂಭೀರವಾಗಿ ನೋಡುತ್ತಿದ್ದಾರೆ ಎಂಬುದಕ್ಕೆ ಇದು ಗುರುತು.

ಮುಂಬೈ ನಗರಕ್ಕೆ ನೀರು ಬರುವುದು ತಾನ್ಸಾ, ವೈತರಣಾ, ಭಾತ್ಸಾದಂಥ ದೂರದ ಜಲಾಶಯಗಳಿಂದ. ಆ ನೀರು ಕುಡಿಯುವವರು ಈ ಬರಹ ಓದಿ ಹೊಸ ಆರ್‌ಒ ಕೊಳ್ಳಲು ಓಡುವುದು ಬೇಡ, ಇದ್ದಿಲಿನ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಕೈಗಾರಿಕಾ ಪ್ರದೇಶಗಳ ಬಳಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡ ಸೊಸೈಟಿಗಳಿಗೆ ಮಾತ್ರ ಆರ್‌ಒ ಅರ್ಥವುಳ್ಳ ಖರ್ಚು. ಯಂತ್ರ ಹಾಕಿದ ತಾರೀಕನ್ನು ಅದರ ಮೇಲೆಯೇ ಬರೆದು ಅಂಟಿಸಿ. ಬದಲಿಸುವ ದಿನವನ್ನು ಮರೆಯುವುದೇ ನಮ್ಮೆಲ್ಲರ ಮನೆಯ ರೋಗ.

ಪಾರ್ಸೆಲ್, ರೇನ್‌ಕೋಟ್, ಕಾಡಿಗೆ

ಜಿಡ್ಡು ಹೀರದ ಕಾಗದ, ಮೈಕ್ರೋವೇವ್ ಪಾಪ್‌ಕಾರ್ನ್ ಚೀಲ, ಪಿಜ್ಜಾ ಡಬ್ಬ, ಕಬ್ಬಿನ ಸಿಪ್ಪೆಯಿಂದ ಅಚ್ಚು ಹಾಕಿದ ತಟ್ಟೆ, ಇವುಗಳಲ್ಲಿ ಪಿಎಫ್ಎಎಸ್ ಬಳಕೆ ಜಗತ್ತಿನಾದ್ಯಂತ ಇತ್ತು. ಡೆನ್ಮಾರ್ಕ್ 2020ರಲ್ಲಿ ಆಹಾರದ ಕಾಗದದಲ್ಲಿ ಇದನ್ನು ನಿಷೇಧಿಸಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ಕೂಡ ಆಹಾರ ಮುಟ್ಟುವ ವಸ್ತುಗಳಲ್ಲಿ ಇದನ್ನು ಬಳಸಬಾರದೆಂಬ ಕರಡು ನಿಯಮವನ್ನು 2025ರಲ್ಲಿ ಪ್ರಕಟಿಸಿತು. ಮನೆಯಲ್ಲೇ ಮಾಡಬಹುದಾದ ಒಂದು ಅಂದಾಜಿನ ಪರೀಕ್ಷೆ ಇದೆ: ಕಾಗದದ ಮೇಲೆ ಒಂದು ಹನಿ ಎಣ್ಣೆ ಬಿಡಿ. ಹನಿ ಹರಡದೆ ಮಣಿಯಂತೆ ಗುಂಡಗೆ ನಿಂತರೆ ಫ್ಲೋರಿನ್ ಲೇಪನದ ಅನುಮಾನ ಪಡಬೇಕು. ಹರಡಿ ಹೀರಿಕೊಂಡರೆ ಲೇಪನ ಇರುವ ಸಾಧ್ಯತೆ ಕಡಿಮೆ. ಹೋಟೆಲಿನಿಂದ ತರುವಾಗ ಸ್ಟೀಲ್ ಡಬ್ಬಿ ಒಯ್ಯಿರಿ. ಮಾಟುಂಗದ ಉಡುಪಿ ಹೋಟೆಲಿನವರಿಗೆ ಬಾಳೆಲೆಯಲ್ಲಿ ಕಟ್ಟಿಕೊಡಿ ಎಂದರೆ ಆಶ್ಚರ್ಯವೇನೂ ಆಗುವುದಿಲ್ಲ. ಸಂಘದ ಊಟಗಳಿಗೆ ಬಾಳೆಲೆ, ಮುತ್ತುಗದ ಎಲೆ, ಅಡಕೆ ಹಾಳೆಯ ತಟ್ಟೆ ಇವೆ. ಎಣ್ಣೆ ತಡೆಯಲು ಇವಕ್ಕೆ ಯಾವ ಲೇಪನವೂ ಬೇಡ.

ಬಟ್ಟೆಯ ವಿಷಯದಲ್ಲಿ "ಕಲೆಯಾಗದು", "ನೀರು ಜಾರುತ್ತದೆ" ಎಂಬ ಹೆಮ್ಮೆಯ ಮಾತು ಕಂಡಲ್ಲಿ ಫ್ಲೋರಿನ್ ಬಳಸಿದ್ದೀರಾ ಎಂದು ಕೇಳಿ. ಮಳೆಗೆ ನಮ್ಮ ಹಳೆಯ ದಪ್ಪ ಪ್ಲಾಸ್ಟಿಕ್ ರೇನ್‌ಕೋಟಿಗೆ ನೀರು ತಡೆಯಲು ಈ ಲೇಪನ ಬೇಕಿಲ್ಲ. ಶೂ, ಸೋಫಾಗಳಿಗೆ ಸಿಂಪಡಿಸುವ ಸ್ಪ್ರೇ ಬಿಟ್ಟುಬಿಡಿ. ಹಳೆಯ ಸೋಫಾ, ಜಮಖಾನೆಗಳಿಂದ ಉದುರುವುದು ಧೂಳಿನಲ್ಲಿ ಸೇರುತ್ತದೆ, ಆದ್ದರಿಂದ ಒಣ ಪೊರಕೆಗಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು, ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಂತೂ ಕಡ್ಡಾಯವಾಗಿ.

ಬೆವರಿಗೆ ಅಳಿಸದ ಕಾಡಿಗೆ, ಫೌಂಡೇಶನ್, ಲಿಪ್‌ಸ್ಟಿಕ್ ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ "ಫ್ಲೂರೋ" ಎಂಬ ತುಣುಕು ಇರುವ ಹೆಸರನ್ನು ಹುಡುಕಿ. ಪಿಟಿಎಫ್ಇ ಎಂದಿದ್ದರೂ ಅದೇ. ಹಲ್ಲುಪೇಸ್ಟಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರಲ್ಲಿರುವ ಸೋಡಿಯಂ ಫ್ಲೋರೈಡ್, ಸೋಡಿಯಂ ಮೋನೋಫ್ಲೂರೋಫಾಸ್ಫೇಟ್‌ಗಳಲ್ಲಿ ಇಂಗಾಲದ ಬೆಸುಗೆ ಇಲ್ಲ, ಅವು ಪಿಎಫ್ಎಎಸ್ ಅಲ್ಲ. ಹೆದರಿ ಮಕ್ಕಳ ಪೇಸ್ಟ್ ಬಿಡಿಸಬೇಡಿ. ಹಾಗೆಯೇ, ಎದೆಹಾಲಿನಲ್ಲೂ ಇದು ಬರುತ್ತದೆ ಎಂದು ಓದಿದ ತಾಯಂದಿರು ಹಾಲೂಡಿಸುವುದನ್ನು ನಿಲ್ಲಿಸಬಾರದು. ಎದೆಹಾಲಿನ ಲಾಭ ಬಹಳ ದೊಡ್ಡದು.

ಅಗ್ನಿಶಾಮಕ ದಳದಲ್ಲಿ, ಲೋಹಕ್ಕೆ ಕ್ರೋಮ್ ಲೇಪಿಸುವ ಕಾರ್ಯಾಗಾರದಲ್ಲಿ, ಫ್ಲೋರಿನ್ ರಾಸಾಯನಿಕಗಳ ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದು ಮೇಲಿನ ಎಲ್ಲಕ್ಕಿಂತ ದೊಡ್ಡ ವಿಷಯ. ಕೆಲಸದ ಬಟ್ಟೆಯನ್ನು ಅಲ್ಲೇ ಬದಲಿಸಿ, ಮನೆಯ ಬಟ್ಟೆಯೊಂದಿಗೆ ಒಗೆಯಬೇಡಿ, ಊಟಕ್ಕೆ ಮುನ್ನ ಕೈ ತೊಳೆಯಿರಿ.

ಮನೆಯ ಎಚ್ಚರದಿಂದ ಮಾತ್ರ ಮುಗಿಯುವ ಸಂಗತಿ ಇದಲ್ಲ. ಇಟಲಿಯ ವಿಚೆಂಜಾ ಪ್ರಾಂತದಲ್ಲಿ ಮಿಟೇನಿ ಎಂಬ ಕಾರ್ಖಾನೆಯಿಂದ ಲಕ್ಷಾಂತರ ಜನರ ಅಂತರ್ಜಲ ಕೆಟ್ಟಿತು. 2018ರಲ್ಲಿ ಅದು ದಿವಾಳಿಯಾಗಿ ಮುಚ್ಚಿತು, 2025ರಲ್ಲಿ ಅಲ್ಲಿನ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು. ಆ ಕಾರ್ಖಾನೆಯ ಯಂತ್ರೋಪಕರಣಗಳನ್ನು ಕೊಂಡು ತಂದದ್ದು ಮುಂಬೈ–ಗೋವಾ ಹೆದ್ದಾರಿಯ ಪಕ್ಕದ ಲೋಟೆ ಪರಶುರಾಮಕ್ಕೆ, ನಮ್ಮದೇ ರತ್ನಾಗಿರಿ ಜಿಲ್ಲೆಗೆ. ಕೊಂಕಣದ ನದಿ, ಬಾವಿಗಳ ನೀರನ್ನು ಪಿಎಫ್ಎಎಸ್‌ಗಾಗಿ ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳುವುದು ನಮ್ಮ ಹಕ್ಕು. ಸಂಘಗಳು ಒಂದು ಪತ್ರ ಬರೆದರೆ ಒಬ್ಬೊಬ್ಬರು ಬರೆದುದಕ್ಕಿಂತ ತೂಕ ಹೆಚ್ಚು.

ದಾನಕ್ಕೆ ಸಿದ್ಧರಾಗುವುದು

18ರಿಂದ 65 ವಯಸ್ಸಿನೊಳಗೆ ಇದ್ದು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇದ್ದರೆ ರಕ್ತ ಕೊಡಬಹುದು. ಗಂಡಸರು ಎರಡು ದಾನಗಳ ನಡುವೆ 90 ದಿನ, ಹೆಂಗಸರು 120 ದಿನ ಬಿಡಬೇಕು. ರಾಸಾಯನಿಕ ಬೇಗ ಹೋಗಲಿ ಎಂಬ ಆತುರಕ್ಕೆ ಇನ್ನೊಂದು ಶಿಬಿರಕ್ಕೆ ಹೋಗಿ ತಾರೀಕು ಮುಚ್ಚಿಟ್ಟು ಕೊಡುವುದು ತಮಗೇ ಮಾಡಿಕೊಳ್ಳುವ ಹಾನಿ. ಒಂದು ಬಾಟಲಿ ರಕ್ತದೊಂದಿಗೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ; ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಎರಡು ದಾನಗಳ ನಡುವೆ ಇಷ್ಟು ದಿನ ಬಿಡಲು ಇರುವ ಕಾರಣ ಇದು.

ಆದ್ದರಿಂದ ದಾನದ ಮುಂಚಿನ ಮತ್ತು ನಂತರದ ತಿಂಗಳುಗಳಲ್ಲಿ ಹುರುಳಿ, ಹರಿವೆ ಸೊಪ್ಪು, ಎಳ್ಳು ಊಟದಲ್ಲಿರಲಿ, ಮೇಲೆ ನಿಂಬೆರಸ ಹಿಂಡಿ. ಮೀನು ತಿನ್ನುವವರಿಗೆ ಮರುವಾಯಿ, ಇಲ್ಲಿನವರು ತಿಸ್ರ್ಯಾ ಎನ್ನುವುದು, ಕಬ್ಬಿಣದ ಒಳ್ಳೆಯ ಮೂಲ, ಕೊಳಚೆ ಸೇರುವ ಖಾಡಿಯದ್ದು ಆಗಿರದಿದ್ದರೆ. ಊಟದ ಜೊತೆಗೇ ಕಾಫಿ, ಚಹಾ ಕುಡಿಯಬೇಡಿ, ಒಂದು ಗಂಟೆ ಕಳೆಯಲಿ. ದಾನದ ದಿನ ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಬನ್ನಿ.

ಹಾಗಾದರೆ ನಮ್ಮ ರಕ್ತದಲ್ಲಿರುವುದು ರೋಗಿಗೆ ಹೋಗುವುದಿಲ್ಲವೇ ಎಂದು ಆ ಹುಡುಗ ಮುಂದುವರಿದು ಕೇಳಿದ. ಹೋಗುತ್ತದೆ. ಮಿಲಿಲೀಟರಿಗೆ 5 ನ್ಯಾನೋಗ್ರಾಂ ಪಿಎಫ್ಒಎಸ್ ಇರುವ ದಾನಿಯ 250 ಮಿಲಿಲೀಟರ್ ಪ್ಲಾಸ್ಮಾದಲ್ಲಿ 1,250 ನ್ಯಾನೋಗ್ರಾಂ ಇರುತ್ತದೆ. ಅದು ವಯಸ್ಕ ರೋಗಿಯ ಮೈಯಲ್ಲಿ ಹರಡಿಕೊಂಡರೆ ಅವರ ಮಟ್ಟ ಏರುವುದು ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕಡಿಮೆ. ಕೆಂಪು ಕಣಗಳನ್ನು ಬೇರ್ಪಡಿಸಿ ಕೊಡುವಾಗ ಪ್ಲಾಸ್ಮಾದ ಬಹುಭಾಗ ಇರುವುದೇ ಇಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾಗುತ್ತಿರುವ ತಾಯಿಯ ಮುಂದೆ ಈ ಪ್ರಮಾಣ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ರಕ್ತ ಕೇಂದ್ರಗಳು ಕಡ್ಡಾಯವಾಗಿ ಪರೀಕ್ಷಿಸುವುದು ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ ಎಂಬ ಎರಡು ಬಗೆಯ ಕಾಮಾಲೆ, ಸಿಫಿಲಿಸ್ ಮತ್ತು ಮಲೇರಿಯಾಗಳನ್ನು. ಪಿಎಫ್ಎಎಸ್ ಆ ಪಟ್ಟಿಯಲ್ಲಿಲ್ಲ. ಆದರೂ ಥಲಸ್ಸೇಮಿಯಾ ಇರುವ ಮಗುವಿಗೆ ಎರಡು ನಾಲ್ಕು ವಾರಕ್ಕೊಮ್ಮೆ, ಬಾಳಿನುದ್ದಕ್ಕೂ ಬೇರೆಯವರ ರಕ್ತವೇ ಆಧಾರ. ಅಂಥ ಮಗುವನ್ನು ನೆನೆದಾಗ ನನ್ನ ಕಾವಲಿ, ನನ್ನ ಪಾರ್ಸೆಲ್ ಡಬ್ಬಿಗಳ ಎಚ್ಚರ ನನ್ನೊಬ್ಬನದಷ್ಟೇ ಅಲ್ಲ ಎನ್ನಿಸುತ್ತದೆ.

ಮುಂಬೈಯಲ್ಲಿ ರಕ್ತಕ್ಕೆ ಹೆಚ್ಚು ಅಭಾವ ಬರುವುದು ಮೇ ತಿಂಗಳಲ್ಲಿ, ಕಾಲೇಜಿಗೆ ರಜೆಯಾಗಿ ದಾನಿಗಳು ಊರಿಗೆ ಹೋದಾಗ, ನಾವು ಕನ್ನಡಿಗರೂ ಕೊಂಕಣ ರೈಲು ಹತ್ತಿದಾಗ. ಗಂಡಸರು ಜನವರಿಯ ಕೊನೆಯಲ್ಲಿ ಒಮ್ಮೆ ಕೊಟ್ಟರೆ ಮೇ ಮೊದಲ ವಾರಕ್ಕೆ ಮತ್ತೆ ಅರ್ಹರಾಗುತ್ತಾರೆ. ಹೆಂಗಸರು ಜನವರಿಯ ಮೊದಲ ವಾರದಲ್ಲೇ ಕೊಡಬೇಕು. ಊರಿಗೆ ಟಿಕೆಟ್ ಬುಕ್ ಮಾಡುವಾಗ ಆ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕೊಟ್ಟ ಮಾರನೆಯ ದಿನದ ನಂತರದ ರೈಲನ್ನು ಹಿಡಿಯಿರಿ.